ದೇವರ ಮುಂದೆ ಇಡದ ಅನ್ನ

ನಮ್ಮ ಮನೆಯ ಮೂವರು ಹುಡುಗಿಯರು ಇವತ್ತಿನವರೆಗೆ ಒಂದೇ ಬಾಯಲ್ಲಿ ಹೇಳಿದ ಮಾತು ಒಂದೇ: "ಇಲ್ಲ ಅಜ್ಜಿ!"

ಫ್ಯಾನ್ ಬೇಕಾ ಬೇಡವಾ, ಟೀವಿಯಲ್ಲಿ ಯಾವ ಚಾನೆಲ್, ಸ್ನಾನಕ್ಕೆ ಯಾರು ಮೊದಲು, ಯಾವುದರಲ್ಲೂ ಅವರಿಗೆ ಹೊಂದಿಕೆಯಿಲ್ಲ. ನಾನು ತಪ್ಪು ಎನ್ನುವುದರಲ್ಲಿ ಮಾತ್ರ ಹೊಂದಿಕೊಂಡರು. ಅಂಥದ್ದೇನು ಹೇಳಿದ್ದೆ ನಾನು? "ದೇವರೆಲ್ಲ ಒಂದೇ ಅಲ್ವಾ" ಎಂದಿದ್ದೆ. ಅಷ್ಟೇ!

ಅಂಬಲಪಾಡಿಯ ನನ್ನ ಮೊಮ್ಮಕ್ಕಳೇ, ಮೊನ್ನೆ ಫೋನಿನಲ್ಲಿ ನೀವೂ ಅದನ್ನೇ ಕೇಳಿದಿರಿ. "ಅಜ್ಜಿ, ಆ ಮೂವರ ದೇವರೂ ಒಬ್ಬನೇನಾ?" ನಾನು ಲೈನ್ ಸರಿ ಇಲ್ಲ ಎಂದು ಇಟ್ಟುಬಿಟ್ಟೆ. ಲೈನ್ ಸರಿಯಾಗಿಯೇ ಇತ್ತು. ಕಾಪುವಿನ ಹಳ್ಳಿ ಶಾಲೆಯಲ್ಲಿ ಕಲಿತವಳು ನಾನು, ಬಾಯಲ್ಲಿ ಹೇಳಲು ನಾಚಿಕೆ, ಬರೆದರೆ ಸ್ವಲ್ಪ ಧೈರ್ಯ. ಆದ್ದರಿಂದ ಪತ್ರಿಕೆಗೆ ನಾನು ಬರೆಯುವ ಈ ವಾರದ ಬರಹ ನಿಮಗೆ. (ಉಳಿದವರು ಓದಿದರೆ ಬೇಡ ಎನ್ನುವುದಿಲ್ಲ.)

ನಿಮ್ಮ ಅಜ್ಜ ಹೋದ ಮೇಲೆ ಮಣಿಪಾಲದ ಈ ಮನೆಯ ಮಹಡಿಯನ್ನು ಕಲಿಯುವ ಹುಡುಗಿಯರಿಗೆ ಕೊಟ್ಟಿದ್ದೇನಲ್ಲ, ಅವರ ಊಟ ನನ್ನ ಜೊತೆಗೇ, ಒಂದೇ ಮೇಜಿನಲ್ಲಿ. ಲವೀನಾ ಕಾರ್ಕಳದವಳು, ಕ್ರಿಶ್ಚಿಯನ್. ಸಫಿಯಾ ಹೂಡೆಯವಳು, ಮುಸ್ಲಿಂ. ಹೋದ ತಿಂಗಳು ಬಂದವಳು ಎಸ್ತರ್, ಮುಂಬಯಿ ಹತ್ತಿರದ ಠಾಣೆಯ ಯಹೂದಿ ಹುಡುಗಿ. ಯಹೂದಿಗಳು ನಮ್ಮ ದೇಶದಲ್ಲೂ ಇದ್ದಾರೆ, ಮನೆಯಲ್ಲಿ ಮರಾಠಿ ಆಡುತ್ತಾರೆ ಎನ್ನುವುದೇ ನನಗೆ ಹೊಸದು. ಮಾಂಸದ ವಿಷಯದಲ್ಲಿ ಅವರಿಗೆ ಕಟ್ಟುನಿಟ್ಟು ಜಾಸ್ತಿ. ಹಾಸ್ಟೆಲ್ ಬೇಡ, ಸಸ್ಯಾಹಾರಿಗಳ ಮನೆಯೇ ಇರಲಿ ಎಂದು ಹುಡುಕಿಕೊಂಡು ಬಂದಿದ್ದಳು. ಕನ್ನಡ ಬಾರದು. ಅವಳ ಮರಾಠಿಗೂ ಲವೀನಾಳ ಕೊಂಕಣಿಗೂ ಹೇಗೋ ಹೊಂದಿಕೆಯಾಗುತ್ತದೆ. ಹಾಗಾಗಿ ಅವಳ ಮಾತನ್ನು ನನಗೆ ಮುಟ್ಟಿಸುವವಳು ಲವೀನಾ.

ಬಂದ ಹುಡುಗಿ ಊಟವನ್ನೇ ಮಾಡುವುದಿಲ್ಲ! ಬರೇ ಬಾಳೆಹಣ್ಣು, ಮಜ್ಜಿಗೆ. ಏನೆಂದು ಕೇಳಿದರೆ ಹೊಟ್ಟೆ ಮುಟ್ಟಿಕೊಂಡು ನಗುತ್ತಾಳೆ. ನನ್ನ ಅಡಿಗೆಗೆ ಎಂತ ಆಯಿತು?

ಭಾನುವಾರ ಮಧ್ಯಾಹ್ನ ಗೊತ್ತಾಯಿತು. ಎಂದಿನಂತೆ ಬೆಳ್ತಿಗೆ ಅನ್ನದಿಂದ, ಅದೇ ಬಿಳಿ ಅಕ್ಕಿಯದ್ದು, ಒಂದು ಬಟ್ಟಲು ತೆಗೆದು, ತುಪ್ಪ ತುಳಸಿ ಹಾಕಿ ದೇವರ ಮುಂದಿಟ್ಟೆ. ಕೈಮುಗಿದು, ತಂದು, ಪುನಃ ಪಾತ್ರೆಗೇ ಬೆರೆಸಿದೆ. ಎಲ್ಲರಿಗೂ ಪ್ರಸಾದ ಸಿಗಲಿ ಎಂದು ನಮ್ಮಲ್ಲಿ ಹಾಗೆಯೇ. ಎಸ್ತರಳ ಕಣ್ಣು ನನ್ನ ಕೈಯ ಮೇಲೇ ಇತ್ತು.

"ಅಜ್ಜಿ, ಅವಳು ಉಣ್ಣದೇ ಇರುವುದು ಅದಕ್ಕೇ," ಎಂದಳು ಸಫಿಯಾ. "ಬೇರೆ ದೇವರಿಗೆ ಇಟ್ಟದ್ದು ಅವರಿಗೆ ಆಗುವುದಿಲ್ಲ. ನಮಗೂ ಆಗುವುದಿಲ್ಲ."

"ನಿನಗೂ? ನೀನು ವರ್ಷದಿಂದ ಇಲ್ಲೇ ಉಣ್ತಿ ಅಲ್ವಾ?"

"ಕುಚ್ಚಲಕ್ಕಿ ಅನ್ನ ಉಣ್ತೇನೆ. ಅದನ್ನು ನೀವು ದೇವರಿಗೆ ಇಡುವುದಿಲ್ಲ ಅಲ್ವಾ?"

ಹೌದು, ದಿನಾ ಎರಡು ಬಗೆ ಅನ್ನ ಮಾಡಿದರೂ, ಭತ್ತವನ್ನೇ ಬೇಯಿಸಿ ಮಾಡಿದ ಕುಚ್ಚಲಕ್ಕಿ ನೈವೇದ್ಯಕ್ಕೆ ಆಗುವುದಿಲ್ಲ. ಅವಳು ದಿನಾ ಅದನ್ನೇ ಬಡಿಸಿಕೊಳ್ಳುವಾಗ ಅಭ್ಯಾಸಬಲ ಎಂದುಕೊಂಡಿದ್ದೆ. ನನಗೆ ಬೇಸರವಾದೀತೆಂದು ಅವಳು ಬಾಯಿ ಬಿಟ್ಟಿರಲಿಲ್ಲ. ದೂರದಿಂದ ಬಂದ ಎಸ್ತರಳಿಗೆ ದಪ್ಪ ಅನ್ನ ಇಳಿಯದೇನೋ ಎಂದು ನಾನೇ ಮುತುವರ್ಜಿಯಿಂದ ಬೆಳ್ತಿಗೆ ಮುಂದಿಡುತ್ತಿದ್ದೆ! (ಉಪಚಾರ ಮಾಡಿ ಉಪವಾಸ ಕೆಡವಿದ್ದು.)

ಲವೀನಾ ನಕ್ಕಳು. "ನನಗೆ ಎಂತದೂ ಇಲ್ಲಪ್ಪ. ಅನ್ನ ಅನ್ನವೇ. ಬಡಿಸಿ ಅಜ್ಜಿ."

"ನಿನಗೆ ಮೂರು ಉಂಟಲ್ಲ ಮಾರಾಯ್ತಿ," ಎಂದಳು ಸಫಿಯಾ. "ನಾಲ್ಕನೆಯದು ಹೆಚ್ಚಾ?"

ತಮಾಷೆಗೇ ಹೇಳಿದ್ದು. ಲವೀನಾಳ ಕೈ ಮಾತ್ರ ಬಟ್ಟಲಲ್ಲೇ ನಿಂತಿತು.

"ಮೂರಾ? ನಾವು ಯಾವಾಗ ಮೂರು ದೇವರು ಅಂದದ್ದು?"

"ತಂದೆ, ಮಗ, ಪವಿತ್ರ ಆತ್ಮ. ಎಣಿಸು ನೋಡುವ."

"ಮೂವರೂ ಸೇರಿ ಒಬ್ಬನೇ ದೇವರು! ಒಬ್ಬನೇ, ಆದರೆ ಒಂಟಿ ಅಲ್ಲ. ಈ ಲೋಕ ಇಲ್ಲದಾಗಲೂ ಅವನೊಳಗೇ ಪ್ರೀತಿ ಇತ್ತು, ಗೊತ್ತುಂಟಾ ನಿನಗೆ?"

"ಬ್ರಹ್ಮ, ವಿಷ್ಣು, ಮಹೇಶ್ವರ ಇದ್ದ ಹಾಗಾ?" ಎಂದೆ ನಾನು, ಸಹಾಯ ಮಾಡುವ ಅಂತ.

"ಅಯ್ಯೋ, ಹಾಗಲ್ಲ ಅಜ್ಜಿ!"

ಸಫಿಯಾ ಬಿಡಲಿಲ್ಲ. "ಅಲ್ಲಾಹನಿಗೆ ಹೆತ್ತವರಿಲ್ಲ, ಮಕ್ಕಳಿಲ್ಲ, ಜೊತೆಗಾರರಿಲ್ಲ. ಈಸಾ ನಮಗೂ ದೊಡ್ಡ ಪ್ರವಾದಿ, ಅವರ ತಾಯಿ ಮರಿಯಂ ಮೇಲೂ ನಮಗೆ ಗೌರವ ಉಂಟು. ದೇವರ ಮಗ ಅಂತ ಮಾತ್ರ ನಾವು ಹೇಳುವುದಿಲ್ಲ."

ಸಫಿಯಾ ಅದನ್ನೇ ಹಿಂದಿಯಲ್ಲೂ ಹೇಳಿದಾಗ ಎಸ್ತರ್ ಮೆಲ್ಲಗೆ ಮರಾಠಿಯಲ್ಲಿ ಏನೋ ಹೇಳಿದಳು. ಎಲ್ಲರೂ ಲವೀನಾಳನ್ನು ನೋಡಿದೆವು. ಅವಳು ಕೆಂಪಾದ ಮುಖದಲ್ಲೇ ಕನ್ನಡಕ್ಕೆ ತಂದಳು. "ದೇವರಿಗೆ ಮೈ ಇಲ್ಲ, ರೂಪ ಇಲ್ಲ ಅಂತಾಳೆ. ಅವನ ಹೆಸರನ್ನು ಕೂಡ ಇವರು ಬಾಯಲ್ಲಿ ಹೇಳುವುದಿಲ್ಲವಂತೆ. ಬೆಳಿಗ್ಗೆ, ರಾತ್ರಿ, ಕೈಯಿಂದ ಕಣ್ಣು ಮುಚ್ಚಿಕೊಂಡು ಅವನು ಒಬ್ಬನೇ ಅಂತಾರಂತೆ. ಅವನು ಮನುಷ್ಯನಾಗಿ ಹುಟ್ಟಿ ಬಂದ ಅನ್ನುವುದನ್ನು ಒಪ್ಪಲಿಕ್ಕೇ ಆಗುವುದಿಲ್ಲವಂತೆ." ಆಮೇಲೆ ನನ್ನ ಕಡೆ ತಿರುಗಿ, "ಇದನ್ನೂ ನಾನೇ ಹೇಳ್ಬೇಕಲ್ಲ ಅಜ್ಜಿ!" ಎಂದಳು.

ಗಲಾಟೆ ಎಂದರೆ ನನಗೆ ಆಗುವುದಿಲ್ಲ. ಆಗಲೇ ಒಂದು ಬೆರಳೆತ್ತಿ ಆ ಮಾತು ಅಂದದ್ದು. "ಹೋಗಲಿ ಬಿಡಿ, ದೇವರೆಲ್ಲ ಒಂದೇ ಅಲ್ವಾ."

"ಇಲ್ಲ ಅಜ್ಜಿ!" ಎಸ್ತರ್ ಕೂಡ. ಅವಳ ಬಾಯಿಂದ ಬಂದ ಮೊದಲ ಕನ್ನಡ ಅದು!

(ಅದನ್ನೂ ದ್ವೈತದ ನಮ್ಮ ಉಡುಪಿಯಲ್ಲಿ ಇದ್ದುಕೊಂಡು ಹೇಳಿದೆನಲ್ಲ! ಜೀವ ಬೇರೆ, ದೇವರು ಬೇರೆ ಎಂದು ಜಗಲಿಯಲ್ಲಿ ಗಂಟೆಗಟ್ಟಲೆ ವಾದಿಸುತ್ತಿದ್ದ ನನ್ನ ಮಾವನವರು ಇದ್ದಿದ್ದರೆ, ಆ ಮೂವರ ಜೊತೆ ನಾಲ್ಕನೆಯ ದನಿ ಅವರದ್ದೇ.)

ಲವೀನಾ ಬಟ್ಟಲು ಹಿಡಿದುಕೊಂಡು ಮಹಡಿ ಹತ್ತಿದಳು. ಮರುದಿನವೂ ಊಟಕ್ಕೆ ಕೂರಲಿಲ್ಲ, ಅದರ ಮರುದಿನವೂ. "ಮುಂದಿನ ತಿಂಗಳು ಬೇರೆ ರೂಮು ನೋಡ್ತೇನೆ" ಎಂದು ಮೆಟ್ಟಿಲಿನಿಂದಲೇ ಹೇಳಿ ಕಾಲೇಜಿಗೆ ಹೋದಳು.

ಊಟದ ಹೊತ್ತು ಹೇಗಾಯಿತೆಂದರೆ, ಎಸ್ತರಳ ಬಟ್ಟಲಲ್ಲಿ ಈಗ ಕುಚ್ಚಲಕ್ಕಿ ಅನ್ನ ಇದೆ, ಅವಳು ಅದನ್ನು ತೋರಿಸಿ ಏನೋ ಹೇಳುತ್ತಾಳೆ, ಚಂದದ ಮಾತೇ ಇರಬೇಕು, ನನಗೆ ಅರ್ಥವಾಗುವುದಿಲ್ಲ. ಸಫಿಯಾಳಿಗೆ ಹಿಂದಿ ಬರುತ್ತದೆ, ಬೇಕಾದರೆ ಮುಟ್ಟಿಸಬಹುದು. ಅವಳೂ ತಲೆ ಎತ್ತುವುದಿಲ್ಲ. ಹುಡುಗಿ ಉಪವಾಸವಿದ್ದಾಗ ಮೇಜು ತುಂಬ ಮಾತಿತ್ತು. ಊಟ ಶುರುವಾದಾಗ ಮಾತು ನಿಂತಿತು.

ಬುಧವಾರ ಸಂಜೆ ನೀರುದೋಸೆ ಮಾಡಿಕೊಂಡು ನಾನೇ ಮೇಲೆ ಹೋದೆ. ಯಾರ ಕೋಣೆಯ ಬಾಗಿಲನ್ನೂ ತಟ್ಟಿದವಳಲ್ಲ ನಾನು. ಈ ಸಲ ತಟ್ಟಿದೆ.

"ಅವರು ನಂಬದಿದ್ದರೆ ಬೇಡ ಅಜ್ಜಿ," ಎಂದಳು ಲವೀನಾ. "ಎಸ್ತರ್ ಒಪ್ಪುವುದಿಲ್ಲ ಅಂದಳು. ನನಗೆ ಬೇಸರವೇ ಆಗಲಿಲ್ಲ. ಅವಳು ಅವಳದ್ದು ಹೇಳಿದಳು. ಸಫಿಯಾ ನನ್ನದನ್ನು ಹೇಳಿದಳು. ನಾನು ಒಂದು ಅಂತೇನೆ, ಅವಳು ನೀನು ಮೂರು ಅಂತಿ ಅಂತಾಳೆ. ನನ್ನ ಬಾಯಲ್ಲಿ ಇಲ್ಲದ್ದನ್ನು ಅವಳು ಯಾಕೆ ಇಡುವುದು?"

ಬಾಗಿಲ ಹೊರಗೆ ಸಫಿಯಾ ನಿಂತಿದ್ದಳು. ದೋಸೆಯ ವಾಸನೆಗೆ ಬಂದದ್ದಂತೆ. (ನಂಬೋಣ.)

"ನನಗದು ಒಪ್ಪಿಗೆ ಇಲ್ಲ ಲವೀನಾ. ನಾಳೆಯೂ ಇರುವುದಿಲ್ಲ," ಎಂದಳು. "ಆದರೆ ನೀನು ಒಂದು ಅಂತಲೇ ಹೇಳುವುದು. ಅದು ನನಗೆ ಗೊತ್ತುಂಟು. ಇನ್ನು ಮೂರು ಅನ್ನುವುದಿಲ್ಲ."

"ತಮಾಷೆಗೂ?"

"ತಮಾಷೆಗೂ. ದೋಸೆ ಕೊಡು ಈಗ."

ಕ್ಷಮೆ ಎನ್ನುವ ಪದವನ್ನು ಯಾರೂ ಆಡಲಿಲ್ಲ. ರಾತ್ರಿ ಲವೀನಾ ಕೆಳಗೆ ಬಂದಳು. ಕೂತವಳೇ ಎಸ್ತರಳ ಬಾಕಿ ಮಾತನ್ನು ನನಗೆ ಮುಟ್ಟಿಸಿದಳು. "ಈ ಅನ್ನ ಅವಳ ಅಜ್ಜಿ ಮಾಡುವ ಅನ್ನಕ್ಕಿಂತ ರುಚಿ ಉಂಟಂತೆ. ಠಾಣೆಗೆ ಮಾತ್ರ ಹೇಳ್ಬೇಡಿ ಅಂತಾಳೆ."

ಈಗ ನಮ್ಮ ಮೇಜಿನಲ್ಲಿ ಎರಡು ಪಾತ್ರೆಯನ್ನೂ ದೂರ ದೂರ ಇಡುತ್ತೇನೆ. ಒಂದರಲ್ಲಿ ದೇವರಿಗೆ ಇಟ್ಟ ಅನ್ನ, ಇನ್ನೊಂದರಲ್ಲಿ ಇಡದ ಅನ್ನ. ಸೌಟು ಕೂಡ ಬೇರೆ ಬೇರೆ. ಲವೀನಾ ಎರಡರಿಂದಲೂ ಬಡಿಸಿಕೊಳ್ಳುತ್ತಾಳೆ.

ನಾನು ಆ ಮಧ್ಯಾಹ್ನದ ನನ್ನ ಮಾತನ್ನೇ ಯೋಚಿಸುತ್ತಿರುತ್ತೇನೆ. ಸಫಿಯಾ ಒಬ್ಬಳ ಬಾಯಲ್ಲಿ ಇಲ್ಲದ್ದನ್ನು ಇಟ್ಟಳು. ಎಲ್ಲ ಒಂದೇ ಎಂದು ನಾನು ಮೂವರ ಬಾಯಲ್ಲೂ ಇಟ್ಟೆನಲ್ಲ? ಒಳ್ಳೆಯ ಮನಸ್ಸಿನಿಂದಲೇ ಇಟ್ಟೆ, ಎಸ್ತರಳಿಗೆ ಬೆಳ್ತಿಗೆ ಅನ್ನ ಬಡಿಸಿದ ಹಾಗೆ.

ಇನ್ನು ನಿಮ್ಮ ಪ್ರಶ್ನೆ. ಅವರು ಮೂವರೂ ದೇವರು ಒಬ್ಬನೇ ಎನ್ನುವುದು ಹೌದು. ಆದರೆ ಮಕ್ಕಳೇ, ಆ ಒಬ್ಬ ಎಂಥವನು ಎಂದರೆ ಮೂವರದ್ದೂ ಬೇರೆ ಬೇರೆ ಮಾತು. ನೀವು ಕೇಳುವುದು ಯಾರು ಹೇಳುವ ಒಬ್ಬನನ್ನು?