ಜಫ್ತಿಯಾದ ಹಂಡೆ

ನಮ್ಮಪ್ಪನಿಗೆ ಹೋದ ಜಫ್ತಿ ನೋಟೀಸನ್ನು ಬರೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಸರ್ಕಾರವನ್ನು ಬಾಯಿಗೆ ಬಂದಂತೆ ಬಯ್ಯುವವನಿದ್ದೇನೆ; ಆಗ ಯಾರೂ ನನ್ನನ್ನು ಸಾಚಾ ಎಂದುಕೊಳ್ಳುವುದು ಬೇಡ.

ಎಪ್ಪತ್ತರ ದಶಕದ ನಡುಭಾಗ. ಡಿಗ್ರಿ ಮುಗಿಸಿ ಎರಡು ವರ್ಷ ಚಪ್ಪಲಿ ಸವೆಸಿದ ಮೇಲೆ ತಾಲ್ಲೂಕು ಕಚೇರಿಯೊಂದರಲ್ಲಿ ಹಂಗಾಮಿ ಗುಮಾಸ್ತನಾಗಿ ಸೇರಿದ್ದೆ. ಯಾವ ಊರಿನ ಕಚೇರಿ ಎಂದು ಬರೆಯುವುದಿಲ್ಲ; ಅಲ್ಲಿದ್ದವರ ಮಕ್ಕಳು ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ಈಗಲೂ ಎದುರು ಸಿಕ್ಕಿ ನಮಸ್ಕಾರ ಹೇಳುತ್ತಾರೆ. ಕಂದಾಯ ಕಟ್ಟದವರಿಗೆ ನೋಟೀಸು ಬರೆಯುವುದು ನನ್ನ ಕೆಲಸ. ಅಚ್ಚಾದ ನಮೂನೆ, ಖಾಲಿ ಜಾಗದಲ್ಲಿ ಹೆಸರು, ಊರು, ಬಾಕಿ. ಒಂದು ಮಧ್ಯಾಹ್ನ ಪಟ್ಟಿಯಲ್ಲಿ ಅಪ್ಪನ ಹೆಸರು ಬಂತು. ನನ್ನ ಕೈ ನಿಲ್ಲಲಿಲ್ಲ. ಅದರ ಮೇಲಿನ ಹೆಸರು ಬರೆದೆ, ಅಪ್ಪನ ಹೆಸರು ಬರೆದೆ, ಅದರ ಕೆಳಗಿನದನ್ನೂ ಬರೆದೆ. ಆಮೇಲೆ ಎದ್ದು ಟೀ ಕುಡಿಯಲು ಹೋದೆ.

ನಮ್ಮ ಊರು ಮದ್ದೂರಿಗೂ ಮಳವಳ್ಳಿಗೂ ನಡುವೆ, ನಾಲೆಯ ಬಾಲದಲ್ಲಿದೆ. ನಮ್ಮ ಹೊಲ ಹಿಂದಿನಿಂದಲೂ ಖುಷ್ಕಿ, ಅಂದರೆ ಮಳೆ ನಂಬಿ ರಾಗಿ ಬೆಳೆಯುವ ಭೂಮಿ. ಅದರ ಪಕ್ಕದಲ್ಲಿ ಒಂದು ಕಿರುನಾಲೆ ತೋಡಿದರು. ತೋಡಿದ ವರ್ಷವೇ ನಮ್ಮ ಖುಷ್ಕಿ ಕಾಗದದ ಮೇಲೆ ತರಿಯಾಯಿತು, ನೀರಾವರಿ ಜಮೀನು! ಕಂದಾಯ ಏರಿತು. ಅದರ ಮೇಲೆ ನೀರಿನ ತೆರಿಗೆ, ಅದರ ಮೇಲೆ ಭೂಮಿ ಸುಧಾರಿಸಿತು ಎಂದು ಇನ್ನೊಂದು ವಂತಿಗೆ. ನೀರು ಬಂತೇ ಎಂದರೆ, ಬಂತು, ಉದ್ಘಾಟನೆಯ ದಿನ. ಹಸಿರು ಚಪ್ಪರ, ಹೂವಿನ ಕಮಾನು, ಮೈಕು, ಕತ್ತರಿಸಲು ರೇಷ್ಮೆ ಟೇಪು, ಬಂದವರಿಗೆಲ್ಲ ಊಟ. ನಾಲೆಯಲ್ಲಿ ಮೊಣಕಾಲುದ್ದ ನೀರು ಹರಿಯಿತು, ಫೋಟೋ ತೆಗೆದರು. ಸಂಜೆ ಚಪ್ಪರ ಬಿಚ್ಚಿದರು, ನೀರೂ ನಿಂತಿತು. ಆಮೇಲೆ ಆ ನಾಲೆಯಲ್ಲಿ ಹನಿ ನೀರು ಕಂಡವರು ಯಾರೂ ಇಲ್ಲ. ಥೂ, ಅದನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ನೋಟೀಸು ಕೈಗೆ ಬಂದ ದಿನ ಅಪ್ಪ ಜಗಲಿಯ ಮೇಲೆ ಕೂತು ಅದನ್ನು ನನ್ನ ಕೈಲಿ ಮೂರು ಸಲ ಓದಿಸಿಕೊಂಡ.

"ನೀರೇ ಕಾಣದ ಒಲಕ್ಕೆ ನೀರಿನ್ ತೆರಿಗೆ ಯಾವ ನ್ಯಾಯ ಕಣ್ಲಾ? ನಾಲೇಲಿ ಓತಿಕ್ಯಾತ ಓಡಾಡ್ತವೆ. ಅವುಕ್ಕೇಳು ಕಟ್ಟಾಕೆ."

ಆಮೇಲೆ ತಾನೇ ಮೆತ್ತಗಾದ. "ಓಗ್ಲಿ, ಕಟ್ಬುಡಾನ ಬುಡು. ನಿಮ್ಮಕ್ಕನ ಬಾಣಂತನಕ್ಕೆ ಅಂತ ಎತ್ತಿಟ್ಟಿರೋ ದುಡ್ಡೈತೆ."

ಆಗ ನಾನು ಆಡಿದ ಮಾತು ಇದು: "ಬ್ಯಾಡ ಕಣಪ್ಪ. ಒಂದ್ ಅರ್ಜಿ ಬರೀತೀನಿ, ನೀನು ರುಜು ಹಾಕು. ಸಾಹೇಬ್ರ ಟೇಬಲ್ ಮೇಲೆ ನಾನೇ ಇಡ್ತೀನಿ. ನಾನಿಲ್ವಾ ಆಫೀಸಲ್ಲಿ?"

ಆಫೀಸಿನಲ್ಲಿ ನಾನಿದ್ದೆ! ಆರು ತಿಂಗಳ ಹಂಗಾಮಿ ಗುಮಾಸ್ತನ ಜಂಭ ನೋಡಿ. ಒಳ್ಳೆಯ ಕನ್ನಡದಲ್ಲಿ, ಎರಡು ಕಡೆ 'ಘನ ಸರ್ಕಾರ' ಎಂದು ಸೇರಿಸಿ, ಅರ್ಜಿ ಬರೆದೆ. ಸಾಹೇಬರು, ಅಂದರೆ ತಹಸೀಲ್ದಾರರು, ಅದನ್ನು ಓದಲಿಲ್ಲ. ಮೇಲೆ ಏನೋ ಗೀಚಿ ಕೆಳಗಿಳಿಸಿದರು, ಕೆಳಗಿನವರು ಕಡತಕ್ಕೆ ಸೇರಿಸಿ ದಾರ ಕಟ್ಟಿದರು. ನಾನು ಮನೆಗೆ ಬಂದು 'ಕೆಲಸ ನಡೀತಾ ಇದೆ' ಎಂದೆ. ಅಪ್ಪ ನಂಬಿದ.

ನನ್ನಕ್ಕ ಅಷ್ಟರಲ್ಲಿ ಹೆರಿಗೆಗೆ ಬಂದಿದ್ದಳು. ಅವಳನ್ನು ಮದ್ದೂರಿಗೆ ಕೊಟ್ಟಿತ್ತು. ಭಾವ ಅಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದರು. ಚೊಚ್ಚಲು ಬೇರೆ. ಆ ವರ್ಷ ಬೆಲೆಗಳಿಗೆ ಹುಚ್ಚು ಹಿಡಿದಿತ್ತು. ಸೀಮೆಎಣ್ಣೆಯನ್ನು ಹಲಗೂರಿನ ಸಂಬಂಧಿಕರ ಮನೆಯಿಂದ ಬಾಟಲಿಯಲ್ಲಿ ಇಸಿದುಕೊಂಡು ಬರುವ ಸ್ಥಿತಿ. ಕಡಲೆಕಾಯಿ ಎಣ್ಣೆಯನ್ನು ಅಂಗಡಿಯವನು ಔಷಧಿಯ ಹಾಗೆ ಅಳೆದುಕೊಡುತ್ತಿದ್ದ. ಕಣ್ಣು ಹಾಯಿಸಿದಷ್ಟೂ ಕಬ್ಬು ಬೆಳೆಯುವ ಜಿಲ್ಲೆಯಲ್ಲಿ ಸಕ್ಕರೆಗೆ ಕಾರ್ಡು ಹಿಡಿದು ನಿಲ್ಲಬೇಕು. ನಿಂತರೆ 'ಮುಗೀತು, ಸೋಮವಾರ ಬನ್ನಿ' ಅನ್ನುವರು. ಅವ್ವ ಮೆಣಸು, ಶುಂಠಿ, ಬೆಲ್ಲ, ತುಪ್ಪವನ್ನೆಲ್ಲ ವಾರಕ್ಕೊಂದರಂತೆ ಕೊಂಡು ಅಟ್ಟದ ಮೇಲೆ ಕೂಡಿಟ್ಟಿದ್ದಳು. "ಮಿಕ್ಕಿದ್ದು ಎಂಗಾರಾ ಆಗ್ಲಿ, ಬಿಸ್ನೀರಿಗೆ ಮಾತ್ರ ಯಾರೂ ಬೆಲೆ ಏರ್ಸಿಲ್ವಲ್ಲ," ಎನ್ನುತ್ತಿದ್ದಳು.

ಬಾಣಂತಿಯ ನೀರೆಂದರೆ ನಮ್ಮ ಕಡೆ ಸುಮ್ಮನೆ ಅಲ್ಲ. ತಲೆಯಿಂದ ಕಾಲಿನವರೆಗೆ ಹರಳೆಣ್ಣೆ ತಿಕ್ಕಿ, ಮಣೆಯ ಮೇಲೆ ಕೂರಿಸಿ, ಸುಡುಸುಡು ನೀರನ್ನು ಚೊಂಬಿನ ಮೇಲೆ ಚೊಂಬು ಸೊಂಟಕ್ಕೂ ಬೆನ್ನಿಗೂ ಎರಚಬೇಕು. ಒಂದು ಸ್ನಾನಕ್ಕೆ ಹಂಡೆಯ ನೀರೆಲ್ಲ ಬೇಕು. ನಮ್ಮ ಹಂಡೆ ಅವ್ವನ ತವರಿನಿಂದ ಬಂದ ತಾಮ್ರದ್ದು. ಅದರ ಬಾಯಂಚಿನಲ್ಲಿ ಹುಣಿಸೆಬೀಜದಷ್ಟು ಹಿತ್ತಾಳೆಯ ತೇಪೆ ಇತ್ತು, ಮದ್ದೂರಿನ ಕಂಚುಗಾರ ಹಾಕಿದ್ದು. ನಾನೂ ಅಕ್ಕನೂ ಹುಟ್ಟಿದಾಗ ಅವ್ವ ಮಿಂದದ್ದು ಅದರ ನೀರಿನಲ್ಲೇ. ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಆ ಹಂಡೆಯಿಂದ ನಾಲ್ಕು ಕೊಡ ನೀರು ಹೋಗುತ್ತಿತ್ತು.

ಅಕ್ಕನಿಗೆ ಹೆಣ್ಣುಮಗುವಾಯಿತು. ಎಂಟನೆಯ ದಿನ ಬೆಳಿಗ್ಗೆ ಶೇಕ್ದಾರರು, ಅಂದರೆ ಹೋಬಳಿಯ ಕಂದಾಯ ವಸೂಲಿ ಮಾಡುವವರು, ಡವಾಲಿ ಹಾಕಿಕೊಂಡ ಜವಾನನ ಜೊತೆ ಮನೆಗೆ ಬಂದರು. ಅಪ್ಪ ಹೊಲಕ್ಕೆ ಹೋಗಿದ್ದ, ನಾನು ಕಚೇರಿಯಲ್ಲಿದ್ದೆ. ಅಕ್ಕ ಎಣ್ಣೆ ತಿಕ್ಕಿಸಿಕೊಂಡು ಬಚ್ಚಲ ಮಣೆಯ ಮೇಲೆ ಕೂತಿದ್ದಳು. ಸಂಜೆ ಅವ್ವ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

"ಒಳಗೆ ಹಸೀ ಬಾಣಂತಿ ಅವ್ಳೆ ಬುದ್ದಿ. ಅಂಡೆ ಒಂದ್ ಬುಟ್ಟು ಏನ್ ಬೇಕಾರೂ ತಕ್ಕಂಡೋಗಿ," ಎಂದಳಂತೆ ಅವ್ವ.

"ಬೆಲೆ ಬಾಳೋದು ಬೇರೆ ಏನೈತಮ್ಮ ನಿಮ್ಮನೇಲಿ?" ಎಂದರಂತೆ ಶೇಕ್ದಾರರು.

ಅಕ್ಕನಿಗೆ ಸೀರೆ ಸುತ್ತಿ ಒಳಗೆ ಕಳಿಸಿದ ಮೇಲೆ ಜವಾನ ಒಲೆಯಿಂದ ಹಂಡೆ ಕಿತ್ತ. "ನೀರು ಕಾದಿತ್ತು ಕಣ್ಲಾ," ಎಂದು ಅವ್ವ ಅದನ್ನೇ ಮತ್ತೆ ಮತ್ತೆ ಹೇಳಿದಳು. "ಕಾದಿದ್ ನೀರ ಬಚ್ಚಲಿಗೆ ಬಗ್ಗಿಸ್ಬುಟ್ರು. ಒಂದ್ ಗಳಿಗೆ ನಿಂತ್ಕಳಾಕಾಗ್ನಿಲ್ವಾ ಅವ್ರಿಗೆ? ಮಗ್ಳು ಎಣ್ಣೆ ಮೈಯಲ್ಲೇ ನಡುಗ್ತಾ ಕೂತಿದ್ಲು."

ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ನೀನಿದ್ಯಲ್ಲಪ್ಪ ಆಫೀಸಲ್ಲಿ?"

ಮರುದಿನವೇ ಅಪ್ಪ ಬಾಕಿಯನ್ನೂ ಜಫ್ತಿಯ ಖರ್ಚನ್ನೂ ಕಟ್ಟಿ ರಸೀದಿ ತಗೊಂಡ. ಬಾಣಂತನದ ದುಡ್ಡು ಅಲ್ಲಿಗೆ ಮುಗಿಯಿತು. ರಸೀದಿ ಹಿಡಿದು ಹಂಡೆ ಕೇಳಲು ಹೋದರೆ, ಬಿಡುಗಡೆ ಕಾಗದಕ್ಕೆ ಸಾಹೇಬರ ರುಜು ಬೇಕು ಎಂದರು. ಸಾಹೇಬರಿಗೆ ಪುರುಸೊತ್ತಿಲ್ಲ, ಮಂತ್ರಿಗಳು ಬರುತ್ತಿದ್ದಾರೆ. "ಅವರು ಬಂದು ಹೋಗ್ಲಿ ತಡಿಯಪ್ಪ, ನಿನ್ನ ಹಂಡೇನ ಯಾರು ತಿಂತಾರೆ?" ಎಂದು ಹೆಡ್ ಗುಮಾಸ್ತರು ನನ್ನೆದುರಿಗೇ ಅಪ್ಪನಿಗೆ ಹೇಳಿದರು. ನಾನು ಕಡತದಲ್ಲಿ ತಲೆ ಹುದುಗಿಸಿಕೊಂಡೆ.

ಅವ್ವ ಮಡಕೆಗಳಲ್ಲಿ ನೀರು ಕಾಯಿಸಿದಳು. ಒಂದು ಕಾಯುವಷ್ಟರಲ್ಲಿ ಇನ್ನೊಂದು ಆರುತ್ತಿತ್ತು. ಮೂರನೆಯ ದಿನ ಅಕ್ಕನಿಗೆ ಜ್ವರ ಬಂತು, ಹಲ್ಲು ಕಟಕಟಿಸುವ ಚಳಿ. ಸನ್ನಿ ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡಲಿಲ್ಲ. ಆದರೆ ನಮ್ಮ ಬೀದಿಯಲ್ಲಿ ಹಾಗೆ ಹೋದ ಬಾಣಂತಿಯರು ಇದ್ದರು, ಎಲ್ಲರಿಗೂ ಗೊತ್ತಿತ್ತು. ಎದೆಹಾಲು ಕಡಿಮೆಯಾಗಿ ಮಗು ಹಗಲೆಲ್ಲ ಅಳುತ್ತಿತ್ತು. ನಾನು ಆ ಅಳು ಕೇಳಿಸಿಕೊಳ್ಳಲಾಗದೆ ಬೇಗ ಬೇಗ ಕಚೇರಿಗೆ ಹೊರಟುಬಿಡುತ್ತಿದ್ದೆ.

ಮಂತ್ರಿಗಳು ಬಂದದ್ದು ಯಾಕೆ ಗೊತ್ತೇ? ತೆರಿಗೆ ವಸೂಲಿಯ ಪ್ರಗತಿ ನೋಡಲು, ಹಾಗೆಯೇ ಜನರಿಗೆ ಮಿತವ್ಯಯದ ಬಗ್ಗೆ ತಿಳಿಹೇಳಲು! ಅವರಿಗಾಗಿ ಸರ್ಕಾರಿ ಬಂಗಲೆಗೆ ಹೊಸ ಸುಣ್ಣ, ಹೊಸ ಪರದೆ, ಗೇಟಿನಿಂದ ಬಾಗಿಲ ತನಕ ಕೆಂಪು ಮಣ್ಣು. ರೇಷನ್ ಅಂಗಡಿಯಲ್ಲಿ ಮುಗಿದುಹೋಗಿದ್ದ ಸಕ್ಕರೆ ಬಂಗಲೆಯ ಅಡುಗೆಮನೆಗೆ ಮೂಟೆಯಲ್ಲೇ ಬಂದಿತ್ತು. ನನ್ನನ್ನು ಅಲ್ಲಿನ ಡ್ಯೂಟಿಗೆ ಹಾಕಿದರು. ಬೆಳ್ಳಂಬೆಳಿಗ್ಗೆ ಹೋಗಿ ಹಿತ್ತಲಿಗೆ ಕಾಲಿಟ್ಟೆ. ಮೂರು ಕಲ್ಲಿನ ಮೇಲೆ ಒಂದು ತಾಮ್ರದ ಹಂಡೆ, ಕೆಳಗೆ ದೊಡ್ಡ ಉರಿ. ಬಾಯಂಚಿನಲ್ಲಿ ಹುಣಿಸೆಬೀಜದಷ್ಟು ಹಿತ್ತಾಳೆಯ ತೇಪೆ.

"ಇದೆಲ್ಲಿಂದ ಬಂತು?" ಎಂದು ಬಂಗಲೆಯ ಜವಾನನನ್ನು ಕೇಳಿದೆ.

"ತಾಲ್ಲೂಕ್ ಆಫೀಸ್ ಸ್ಟೋರ್ ರೂಮಲ್ಲಿ ಸುಮ್ಕೆ ಬಿದ್ದಿತ್ತು ಸಾ. ಮಂತ್ರಿಗಳಿಗೆ ಅಂಡೆ ನೀರೇ ಆಗ್ಬೇಕಂತೆ, ಮೈಕೈ ನೋವಂತೆ. ಇಗಾ, ಈ ಬಕೆಟ್ಟು ಒಸಿ ಇಡ್ಕಳಿ."

ಆಗ ನಾನು ಏನು ಮಾಡಬೇಕಿತ್ತು? ಇದು ನಮ್ಮವ್ವನ ಹಂಡೆ, ಬಾಕಿ ಕಟ್ಟಿ ಐದು ದಿನವಾಯಿತು, ನನ್ನಕ್ಕ ಜ್ವರದಲ್ಲಿ ಬಿದ್ದಿದ್ದಾಳೆ, ಎಂದು ಬಂಗಲೆ ಕಿತ್ತುಹೋಗುವ ಹಾಗೆ ಕೂಗಬೇಕಿತ್ತು. ಬಕೆಟ್ಟು ಹಿಡಿದೆ. ಒಂದಲ್ಲ, ನಾಲ್ಕು ಬಕೆಟ್ಟು ಬಿಸಿನೀರನ್ನು ಹೊತ್ತು ಒಳಗಿಟ್ಟೆ. ಕಾಯಂ ಆಗುವ ಆಸೆ. ಛೀ! ಒಳಗೆ ಮಂತ್ರಿಗಳು ನೀರು ಸುರಿದುಕೊಳ್ಳುತ್ತಾ ಏನೋ ಗುನುಗುತ್ತಿದ್ದರು. ಹತ್ತು ಗಂಟೆಗೆ ಶಾಮಿಯಾನದಲ್ಲಿ ಅವರ ಭಾಷಣ: ಬೆಲೆ ಏರಿರುವುದು ನಿಜ, ಪ್ರಜೆಗಳು ಸ್ವಲ್ಪ ಹೊಟ್ಟೆ ಬಟ್ಟೆ ಕಟ್ಟಬೇಕು, ಸರಳವಾಗಿ ಬದುಕುವುದನ್ನು ಕಲಿಯಬೇಕು. ಕಚೇರಿಯವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಎರಡು ದಿನ ಬಿಟ್ಟು ಖರ್ಚಿನ ಪಟ್ಟಿ ನಕಲು ಮಾಡಲು ನನ್ನ ಮುಂದೆ ಬಂತು. ಹಾರ, ಹಣ್ಣು, ಕೋಳಿ, ಪರದೆ ಎಲ್ಲವೂ ಇದ್ದವು. ನಡುವೆ ಒಂದು ಸಾಲು: 'ತಾಮ್ರದ ಹಂಡೆ, ಒಂದು, ಬಾಡಿಗೆ ಬಾಬ್ತು'. ಬಾಡಿಗೆ! ನಮ್ಮ ಬಚ್ಚಲಿಂದ ಕಿತ್ತು ತಂದ ಹಂಡೆಗೆ ಸರ್ಕಾರದ ಬೊಕ್ಕಸದಿಂದ ಬಾಡಿಗೆ. ಆ ದುಡ್ಡು ಯಾರ ಜೇಬಿಗೆ ಹೋಯಿತೋ, ನಾನು ಕೇಳಲಿಲ್ಲ. ಅಪ್ಪ ಕಟ್ಟಿದ ಬಾಕಿಗಿಂತ ಅದು ಜಾಸ್ತಿಯಿತ್ತು. ಆ ಸಾಲನ್ನೂ ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟೆ.

ಅದೇ ದಿನ ಸಾಹೇಬರು ಬಿಡುಗಡೆ ಕಾಗದಕ್ಕೆ ರುಜು ಹಾಕಿದರು. ಹಂಡೆಯನ್ನು ಬಸ್ಸಿನ ಟಾಪಿನ ಮೇಲೆ ಕಟ್ಟಿಸಿ ಮನೆಗೆ ತಂದೆ. ಅಕ್ಕನ ಜ್ವರ ಹಿಂದಿನ ದಿನವಷ್ಟೇ ಇಳಿದಿತ್ತು. ಮುಖ ಬತ್ತಿ ಗುರುತೇ ಸಿಗದ ಹಾಗಾಗಿದ್ದಳು. ಅವ್ವ ಹಂಡೆಯ ತಳಕ್ಕೆ ಬೆರಳು ಒರೆಸಿ ನೋಡಿದಳು. ಹೊಸ ಮಸಿ ಹತ್ತಿತು.

"ಇದರಲ್ಲಿ ಯಾರ್ಲಾ ನೀರ್ ಕಾಯ್ಸಿರಾದು?"

ಸುಳ್ಳು ಹೇಳಬಹುದಿತ್ತು. ಅಷ್ಟು ದಿನದಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸವೆಂದರೆ ಅದರ ನೀರಲ್ಲಿ ಮಂತ್ರಿಗಳು ಮಿಂದದ್ದನ್ನು ಮರೆಮಾಚದೆ ಹೇಳಿದ್ದು. ಅವ್ವ ಕೂಗಾಡಲಿಲ್ಲ. ಹಂಡೆಯನ್ನು ಎಳೆದುಕೊಂಡು ಹೋಗಿ ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದಿಟ್ಟಳು, ಅದಕ್ಕೆ ಮುಸುರೆ ನೀರು ಸುರಿದಳು. "ಸರ್ಕಾರ ಮಿಂದಿರೋ ಅಂಡೇಲಿ ನನ್ ಮಗ್ಳು ಮೀಯಾಕಿಲ್ಲ. ಮಡಕೇನೆ ಸಾಕು," ಎಂದಳು. ಅವಳು ಇರುವ ತನಕ ಆ ಹಂಡೆ ಬಚ್ಚಲಿಗೆ ವಾಪಸು ಬರಲಿಲ್ಲ.

ಒಳಗೆ ಮಗು ಎದ್ದು ಅಳತೊಡಗಿತು. ನಾನು ಎತ್ತಿಕೊಳ್ಳಲು ಹೋದೆ. ಅವ್ವ ಹೊಸಿಲಲ್ಲಿ ಅಡ್ಡ ನಿಂತಳು.

"ಮಂತ್ರಿಗೆ ನೀರ್ ಒತ್ಕೊಟ್ಟವ್ರು ಯಾರು?"

"ನಾನೇ ಕಣವ್ವ."

ಅವಳು ಒಲೆಯಿಂದ ಒಂದು ಹಿಡಿ ಬೂದಿ ತಂದು ನನ್ನ ಅಂಗೈಗೆ ಹಾಕಿದಳು, ಚೊಂಬಿನಲ್ಲಿ ನೀರು ಹಿಡಿದು ನಿಂತಳು.

"ತಿಕ್ಕಿ ತೊಳ್ಕೊ. ಆಮ್ಯಾಕೆ ಮಗೀನ ಮುಟ್ಟು."