ಓಂಕಾರಪ್ಪನವರು ಸ್ವಿಚ್ ಆರಿಸಿದ ಮಧ್ಯಾಹ್ನ

ಇವತ್ತು ಬೆಳಿಗ್ಗೆ ಅಂಗಡಿಯ ಬಲ್ಬು ಒಮ್ಮೆ ಮಂಕಾಗಿ ಮತ್ತೆ ಸರಿಯಾಯಿತು. ಅಜ್ಜಂಪುರದಲ್ಲಿ ಇದೇನು ವಿಶೇಷವಲ್ಲ. ಆದರೂ ನನ್ನ ಕಣ್ಣು ಕಂಪ್ಯೂಟರನ್ನು ಬಿಟ್ಟು ಗೋಡೆಯ ಸ್ವಿಚ್ಚಿನ ಕಡೆ ಓಡಿತು, ಅಲ್ಲಿ ಓಂಕಾರಪ್ಪನವರ ಕೈ ಇದೆಯೇನೋ ಎಂಬಂತೆ.

ನನ್ನದು ಮದುವೆ ಕಾರ್ಡಿನ ಅಂಗಡಿ. ಬರೆದು ಜೋಡಿಸುವುದು ಇಲ್ಲಿ, ಅಚ್ಚಾಗುವುದು ತರೀಕೆರೆಯ ಪ್ರೆಸ್ಸಿನಲ್ಲಿ. ಈ ಕೆಲಸವನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಕಂಪ್ಯೂಟರು, ಮೇಜು, ಕುರ್ಚಿ ಎಲ್ಲ ಚೌಕಾಸಿ ಮಾಡಿ ತಂದ ಹಳೇ ಸಾಮಾನು. ಕರೆಂಟ್ ಹೋದರೂ ಕಂಪ್ಯೂಟರು ಆರದಂತೆ ಕಾಯಬೇಕಾದ ಯುಪಿಎಸ್ಸನ್ನಂತೂ ಎಷ್ಟು ಅಗ್ಗಕ್ಕೆ ಗಿಟ್ಟಿಸಿದ್ದೆನೆಂದರೆ, ಅದರ ಬ್ಯಾಟರಿ ಸತ್ತಿದೆಯೆಂದು ತಿಳಿದ ಮೇಲೆ ಯಾರಿಗೂ ಹೇಳಿಕೊಳ್ಳಲಾಗದೆ ಅದರ ಮೇಲೆ ಟೀ ಲೋಟ ಇಡಲು ಶುರುಮಾಡಿದೆ. ನನ್ನ ಮಾತು ಕೇಳಿ: ಹಳೇ ಸಾಮಾನು ಕೊಳ್ಳಿ, ತಪ್ಪಿಲ್ಲ. ಬ್ಯಾಟರಿ ಮಾತ್ರ ಹೊಸದೇ ಇರಲಿ.

ಮದುವೆ ಕಾರ್ಡಿನಲ್ಲಿ ಕಷ್ಟ ಇರುವುದು ಗಂಡು ಹೆಣ್ಣಿನ ಹೆಸರಿನಲ್ಲಲ್ಲ, ಕೆಳಗೆ ಬರುವ 'ಸುಖಾಗಮನ ಬಯಸುವವರು' ಎಂಬಲ್ಲಿ. ಹೆಸರು ಬಿಟ್ಟುಹೋದ ಮನೆಯವರು ಮದುವೆಗೇ ಬರುವುದಿಲ್ಲ. ಹೆಸರು ಕೆಳಕ್ಕಿಳಿದ ಮನೆಯವರು ಬರುತ್ತಾರೆ, ಊಟ ಮಾಡದೆ ಹೋಗುತ್ತಾರೆ.

ಬುಕ್ಕಾಂಬುಧಿಯ ಮಲ್ಲೇಶಪ್ಪನವರು ಮಗಳ ಮದುವೆಗೆ ಕಾರ್ಡು ಬರೆಸಲು ಬಂದಾಗ ಸ್ವಂತ ಅಣ್ಣನ ಹೆಸರನ್ನೇ ಬಿಟ್ಟಿದ್ದರು. ಆ ಅಣ್ಣನೇ ಓಂಕಾರಪ್ಪ. ಪಾಲಾದ ಮೇಲೆ ತೆಂಗಿನ ತೋಟದ ಬದುವಿನ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಅಣ್ಣ ಹೆಂಡತಿಯ ಊರಾದ ಪಂಚನಹಳ್ಳಿ ಸೇರಿ, ಬೋರ್‌ವೆಲ್ ಕೊರೆಸಿ, ಅಲ್ಲೇ ತೋಟ ಮಾಡಿಕೊಂಡಿದ್ದರು. "ದೊಡ್ಡಪ್ಪನ ಹೆಸ್ರು ಇಲ್ದಿರೋ ಕಾರ್ಡು ನಂಗೆ ಬೇಡ" ಎಂದು ಮಗಳು ಪಟ್ಟು ಹಿಡಿದಳು. ಹಾಗಾಗಿ ಒಂದು ಮಧ್ಯಾಹ್ನ ಅಣ್ಣತಮ್ಮಂದಿರು ನನ್ನ ಬೆಂಚಿನ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತರು. ಮಾತೆಲ್ಲ ನನ್ನ ಮೂಲಕ.

"ಅವ್ರ ಹೆಸ್ರು ಹೆಂಗ್ ಬರೀಬೇಕು ಅಂತ ಕೇಳಿ ಸಾರ್," ಎಂದರು ಮಲ್ಲೇಶಪ್ಪ.

"ಒಂದೇ ತಟ್ಟೇಲಿ ಉಂಡೋರಿಗೆ ಅಷ್ಟೂ ಗೊತ್ತಿಲ್ವಂತಾ ಅಂತ ನೀವೇ ಕೇಳಿ," ಎಂದರು ಓಂಕಾರಪ್ಪ.

ಕೊನೆಯ ಸಾಲಿನಲ್ಲಿ ಹೆಸರು ಸೇರಿಸಿ ತೋರಿಸಿದೆ. ಮಲ್ಲೇಶಪ್ಪ ತಲೆಯಾಡಿಸಿದರು. ಅಷ್ಟು ಆದದ್ದೇ ದೊಡ್ಡದು. ಸಂಜೆಯೊಳಗೆ ತರೀಕೆರೆಗೆ ಕಳಿಸಿಬಿಟ್ಟರೆ ಯಾರೂ ಮನಸ್ಸು ಬದಲಿಸುವಂತಿಲ್ಲ ಎಂದು ನನ್ನ ಲೆಕ್ಕಾಚಾರ. ಆಗ ಪರದೆಯ ಮೂಲೆಯಲ್ಲಿ ಡ್ರೈವರ್ ಅಪ್‌ಡೇಟ್ ಬಂದಿದೆ ಎಂಬ ಸೂಚನೆ ಇಣುಕಿತು. ಪರದೆ, ಪ್ರಿಂಟರು ಇವೆಲ್ಲ ಕಂಪ್ಯೂಟರಿನ ಮಾತು ಕೇಳುವಂತೆ ಮಾಡುವುದೇ ಈ ಡ್ರೈವರಿನ ಕೆಲಸ. ಪುಕ್ಕಟೆ ಬಂದದ್ದನ್ನು ನಾನು ಬಿಡುವವನಲ್ಲ. ಒತ್ತಿದೆ. ಪರದೆ ಮಿಣುಕಿತು, ಅದೇ ಗಳಿಗೆಗೆ ಬಲ್ಬೂ ಮಂಕಾಯಿತು. ಓಂಕಾರಪ್ಪನವರು ಬೆಂಚಿನಿಂದ ಜಿಗಿದು ಗೋಡೆಯ ಸ್ವಿಚ್ಚನ್ನು ಟಪ್ಪನೆ ಆರಿಸಿಬಿಟ್ಟರು.

"ಅಣ್ಣಾ, ಏನ್ ಮಾಡ್ಬಿಟ್ಟೆ!"

"ಕರೆಂಟ್ ಡಲ್ ಆಯ್ತಲ್ಲೋ! ಕಾಯಿಲ್ ಸುಟ್ಟೋದ್ರೆ?"

ಅವರ ಕಡೆ ವೋಲ್ಟೇಜ್ ಇಳಿದರೆ ಉಣ್ಣುತ್ತಿದ್ದವರೂ ಎಂಜಲು ಕೈಯಲ್ಲೇ ಪಂಪಿನ ಸ್ಟಾರ್ಟರಿಗೆ ಓಡುತ್ತಾರೆ. ಮೋಟಾರು ಉಳಿಯುವುದೇ ಹಾಗೆ.

"ಇದೇನ್ ಬೋರ್‌ವೆಲ್ ಮೋಟ್ರಾ? ಹೆಸ್ರು ಹಾಕ್ಸೋಣ ಅಂತ ಕರ್ಕೊಂಡ್ ಬಂದ್ರೆ ಮಿಷನ್ನೇ ಕೆಡ್ಸಿ ಇಟ್ಟ. ಬೇಕಂತ್ಲೇ ಮಾಡಿದಾನೆ ಸಾರ್," ಎಂದರು ತಮ್ಮ. ಅಣ್ಣನ ಮುಖ ಇಳಿಯಿತು.

ಸ್ವಿಚ್ ಹಾಕಿದರೆ ಕಂಪ್ಯೂಟರು ಒಂದು ಚಕ್ರ ತಿರುಗಿಸಿ ತೋರಿಸಿ ಕಪ್ಪಾಗುತ್ತಿತ್ತು. ಕಡೂರಿನ ರಿಪೇರಿಯವನಿಗೆ ಫೋನ್ ಮಾಡಿದೆ. "ತಗೊಂಡ್ ಬನ್ನಿ, ಫಾರ್ಮ್ಯಾಟ್ ಹೊಡೀಬೇಕಾಗುತ್ತೆ" ಎಂದ. ಹಾಗೆ ಮಾಡಿದರೆ ಇದ್ದದ್ದೆಲ್ಲ ಅಳಿಸಿಹೋದೀತು. "ಮುಂದಿನ ಪ್ರಿಂಟರು ನಿನ್ನ ಹತ್ರಾನೇ ತಗೋತೀನಿ ಕಣಯ್ಯ, ಈಗ ಉಪಾಯ ಹೇಳು" ಎಂದೆ. ಅವನ ದನಿ ಮೆತ್ತಗಾಯಿತು, ಉಪಾಯ ಹೇಳಿದ: ಶುರುವಾಗುತ್ತಿರುವಾಗಲೇ ಪವರ್ ಬಟನ್ ಒತ್ತಿಹಿಡಿದು ಆರಿಸಬೇಕು. ಹೀಗೆ ಮತ್ತೆ ಮತ್ತೆ ಮಾಡಿದರೆ ಅದೇ ಸೋತು ರಿಪೇರಿ ಪರದೆ ತೆರೆಯುತ್ತದೆ.

ನಾನು ಹಾಕಿ ಆರಿಸಿ ಮಾಡುವುದನ್ನು ನೋಡಿ ಓಂಕಾರಪ್ಪನವರು ಗೊಣಗಿದರು: "ನಾನ್ ಆರ್ಸಿದ್ರೆ ಕೆಡ್ಸಿದ್ದು, ಇವ್ರು ಆರ್ಸಿದ್ರೆ ರಿಪೇರಿ." ಮಲ್ಲೇಶಪ್ಪ ತಕ್ಷಣ ರಸ್ತೆಯ ಕಡೆ ಮುಖ ತಿರುಗಿಸಿದರು. ಭುಜ ಕುಲುಕುತ್ತಿದ್ದುದು ಮಾತ್ರ ನನಗೆ ಕಂಡಿತು.

ರಿಪೇರಿ ಪರದೆಯಿಂದ ಸೇಫ್ ಮೋಡ್‌ಗೆ ಹೋದೆ. ಕಂಪ್ಯೂಟರು ಆಗ ಗಂಜಿ ಕುಡಿದು ಮಲಗಿದ ರೋಗಿಯಂತೆ, ಅತ್ಯಗತ್ಯದಷ್ಟರಲ್ಲೇ ಉಸಿರಾಡುತ್ತದೆ. ಅಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಅರೆಬರೆ ಕೂತಿದ್ದ ಹೊಸ ಡ್ರೈವರನ್ನು ಹೊರಗೆ ಕಳಿಸಿ ಹಳೆಯದನ್ನು ವಾಪಸ್ ಕರೆಸಿದೆ. ನಿಮಗೂ ಹೀಗಾದರೆ ಗಾಬರಿಯಾಗಬೇಡಿ. ಫಾರ್ಮ್ಯಾಟ್ ಎನ್ನುವವನ ಮಾತಿಗೆ ಮೊದಲ ಸಲಕ್ಕೇ ಒಪ್ಪಬೇಡಿ. ರೀಸ್ಟಾರ್ಟ್ ಮಾಡಿದೆ, ಪರದೆ ಬೆಳಗಿತು.

ಕಾರ್ಡು ತೆರೆದೆ. ಕೊನೆಯ ಸಾಲು ಇರಲಿಲ್ಲ. ಅದನ್ನು ನಾನು ಸೇವ್ ಮಾಡಿರಲೇ ಇಲ್ಲ.

ಹಾಗೆಂದು ಹೇಳಿದೆ. ಓಂಕಾರಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. "ಕಡೂರ್ ಬಸ್ಸಿನ ಹೊತ್ತಾಯ್ತು. ಬತ್ತೀನಿ ಸಾರ್."

ಮಲ್ಲೇಶಪ್ಪ ಪರದೆಯನ್ನೇ ನೋಡುತ್ತಿದ್ದರು. ಅಣ್ಣ ಬಾಗಿಲು ಮುಟ್ಟಿದ ಮೇಲೆ ನನ್ನ ಮೇಲೆ ರೇಗಿದರು: "ಏನ್ ಸಾರ್ ಕೂತಿದೀರಿ? ಬರ್ಕೊಳ್ಳಿ. ಶ್ರೀಮತಿ ಮತ್ತು ಶ್ರೀ ಓಂಕಾರಪ್ಪ. ಅಲ್ಲಲ್ಲ, ಕೆಳಗಲ್ಲ. ಮೊದಲ್ನೇ ಸಾಲು. ಹುಡುಗಿ ದೊಡ್ಡಪ್ಪ ಕಣ್ರೀ ಅವ್ನು."

ನಾನು ಬರೆದೆ. ಓಂಕಾರಪ್ಪನವರು ಬಾಗಿಲಲ್ಲೇ ನಿಂತು, "ಅದೇನೋ ಸೇವ್ ಅಂದ್ರಲ್ಲ, ಮೊದ್ಲು ಅದನ್ನ ಮಾಡಿ ಸಾರ್" ಎಂದರು. ಮತ್ತೆ ಬಂದು ಕೂತರು. ಬೆಂಚಿನ ತುದಿಗಲ್ಲ, ನಡುವಿಗೆ.

ಕಾರ್ಡು ಬರೆಸುವವರಿಗೆ ಮೊದಲೆಲ್ಲ ಯಾರ ಹೆಸರು ಎಲ್ಲಿರಬೇಕೆಂದು ನಾನೇ ಬುದ್ಧಿ ಹೇಳುತ್ತಿದ್ದೆ. ಈಗ ಇಲ್ಲ. ಒಮ್ಮೆ ಬರೆದುಕೊಂಡ ಮೇಲೆ, "ಇನ್ನೊಂದ್ಸಲ ಹೇಳ್ಬಿಡಿ" ಎನ್ನುತ್ತೇನೆ, ಅಷ್ಟೆ. ಮೊದಲ ಸಲ ಬಿಟ್ಟ ಹೆಸರು ಎರಡನೆಯ ಸಲ ನಾಲಿಗೆಗೆ ಬರುವುದನ್ನು ಕಂಡಿದ್ದೇನೆ. ಬಾರದಿರುವುದನ್ನೂ ಕಂಡಿದ್ದೇನೆ. ಈಗ ನನ್ನ ಮುಂದೆ ಸಿಂಗಟಗೆರೆಯ ತಾಯಿಯೊಬ್ಬರು ಕೂತಿದ್ದಾರೆ. ಎರಡನೆಯ ಸಲ ಹೇಳುತ್ತಾ ಒಂದು ಹೆಸರಿನ ಹತ್ತಿರ ಬಂದು ನಿಲ್ಲಿಸಿದ್ದಾರೆ. ನನಗೇನೂ ಅವಸರವಿಲ್ಲ.