ಕೆಂಚಿಗೆ ಹೊಲಿದ ಹಳದಿ ಅಂಗಿ

ಮೂವತ್ತೊಂದನೇ ವಯಸ್ಸಿನಲ್ಲಿ ಬಂದ ಜ್ವರವೊಂದು ಶಾಲಿನಿಯ ಎರಡು ಕಿವಿಗಳನ್ನೂ ಕೆಡಿಸಿ ಹೋಯಿತು. ಮಾತು ಮಾತ್ರ ಮೊದಲಿನಂತೆಯೇ ಉಳಿಯಿತು. ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ಅವಳು ಕಲಿತಳು. ಗಂಡ ರಾಜೇಂದ್ರನಿಗೆ ವರ್ಗವಾಗಿ ಕಿರುಗಾವಲಿಗೆ ಬಂದು ಹೊಲಿಗೆ ಅಂಗಡಿ ತೆರೆದಾಗ, ತನಗೆ ಕಿವಿ ಕೇಳದೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಳತೆ ತಪ್ಪೀತೆಂದು ಜನ ಬಟ್ಟೆ ಕೊಡಲಾರರೆಂಬ ಅಳುಕು.

ಬೆನ್ನ ಹಿಂದೆ ನಿಂತು ಕರೆದವರಿಗೆ ಉತ್ತರ ಸಿಗುತ್ತಿರಲಿಲ್ಲ. ಹಲವರು ಬೇಸತ್ತು ಹೊರಟುಹೋದರು. ಒಂದು ಬೆಳಿಗ್ಗೆ ಹಾಲಿನ ಟೆಂಪೊ ಹಾರನ್ ಹೊಡೆದದ್ದು ತಿಳಿಯದೆ ರಸ್ತೆಗಿಳಿದಳು. ರಾಜೇಂದ್ರ ತೋಳು ಹಿಡಿದೆಳೆದದ್ದರಿಂದ ಉಳಿದಳು.

ಆ ವಾರವೇ ಅವನು ಅವಳನ್ನು ಮಂಡ್ಯದ ಹೊರಗಿರುವ ನಾಯಿಗಳ ಆಶ್ರಯಕ್ಕೆ ಕರೆದೊಯ್ದ. ಕಿವಿ ಕೇಳದವರಿಗಾಗಿ ನಾಯಿ ಪಳಗಿಸುವ ಶಶಿಧರ್ ಅಲ್ಲಿದ್ದ. ಪಾಳುಬಾವಿಯಿಂದ ಎತ್ತಿ ತಂದಿದ್ದ ಕೆಂಚು ಬಣ್ಣದ ನಾಡನಾಯಿಯೊಂದು ಬಂದು ಅವಳ ಮಂಡಿಗೆ ಮೂತಿಯಿಂದ ತಿವಿಯಿತು. ಪಕ್ಕಕ್ಕೆ ಸರಿದರೆ ಅಲ್ಲಿಗೂ ಬಂದು ತಿವಿಯಿತು.

"ಇದು ಸುಮ್ಕೆ ಕೂರಲ್ಲ ಕಣಮ್ಮ. ಬಂದೋರ್ನೆಲ್ಲ ಹಿಂಗೇ ತಿವೀತದೆ. ಅದಕ್ಕೇ ಯಾರೂ ಕರ್ಕೊಂಡೋಗ್ಲಿಲ್ಲ," ಎಂದ ಶಶಿಧರ್, ಅವಳಿಗೆ ಕಾಣುವಂತೆ ನಿಂತು. "ನಿಮ್ಗೆ ಬೇಕಾಗಿರೋದು ಇದೇ ಬುದ್ಧಿ."

ಅದಕ್ಕೆ ಕೆಂಚಿ ಎಂದು ಹೆಸರಿಟ್ಟು ಮನೆಗೆ ತಂದದ್ದು ಅತ್ತೆ ದೇವಿರಮ್ಮನಿಗೆ ಹಿಡಿಸಲಿಲ್ಲ. "ಬೀದಿ ನಾಯಿನ ಮನೆ ಒಳಕ್ಕೆ ಬುಟ್ಕೊತಾರಾ?" ಎಂದರು. ಆದರೂ ತರಬೇತಿಗೆ ಅವರೇ ಬೇಕಾಯಿತು. ದಿನವೂ ಬಾಗಿಲು ತಟ್ಟಿ ಸೊಸೆಯ ಹೆಸರು ಕೂಗುವುದು ಅವರ ಕೆಲಸ. ಕೆಂಚಿ ಶಾಲಿನಿಯ ಮಂಡಿ ತಿವಿದು ಬಾಗಿಲಿಗೆ ಕರೆತಂದರೆ ಬೇಯಿಸಿದ ಮೊಟ್ಟೆಯ ಚೂರು. ಎರಡು ತಿಂಗಳು ಅದು ನೇರವಾಗಿ ಮೊಟ್ಟೆಯ ಬಟ್ಟಲಿಗೇ ಓಡುತ್ತಿತ್ತು. ಆರು ತಿಂಗಳು ಕಳೆಯುವಷ್ಟರಲ್ಲಿ, ಹಾರನ್ ಕೇಳಿದರೆ ರಸ್ತೆಯಂಚಿನಲ್ಲಿ ಅವಳಿಗೆ ಅಡ್ಡ ನಿಲ್ಲುವುದನ್ನೂ ಕಲಿತಿತ್ತು.

"ಕೆಲಸದ ನಾಯಿ ಅಂತ ಜನಕ್ಕೆ ಗೊತ್ತಾಗ್ಬೇಕು. ಅಂಗಿ ಹೊಲ್ದು ಮೇಲೆ ಬರೀರಿ," ಎಂದ ತರಬೇತಿ ನೋಡಲು ಬಂದ ಶಶಿಧರ್.

ಹಳದಿ ಬಟ್ಟೆಯ ಅಂಗಿ ಒಂದು ಗಂಟೆಯಲ್ಲಿ ಮುಗಿಯಿತು. ಅಕ್ಷರಗಳಿಗೆ ಮಾತ್ರ ಅವಳಿಗೆ ಕೈ ಏಳಲಿಲ್ಲ. ಬರೆದರೆ ಊರಿಗೆಲ್ಲ ಸಾರಿದಂತೆ. ಮೂರು ದಿನ ಅಂಗಿ ಮೆಷಿನ್ನಿನ ಮೇಲೆಯೇ ಬಿದ್ದಿತ್ತು. ನಾಲ್ಕನೆಯ ದಿನ ಕೂತು ಕಪ್ಪು ದಾರದಲ್ಲಿ ಹೊಲಿದಳು: 'ನನ್ನ ಒಡತಿಗೆ ಕಿವಿ ಕೇಳಿಸುವುದಿಲ್ಲ. ಎದುರು ಬಂದು ಮಾತಾಡಿ.'

ಕೆಂಚಿಗೆ ಅದನ್ನು ತೊಡಿಸಿ ಬಸ್ ನಿಲ್ದಾಣದ ಕಡೆಗೆ ನಡೆದಾಗ ಅವಳ ಮುಖ ಬಿಸಿಯಾಗಿತ್ತು. ಹಿಂದೊಮ್ಮೆ ಕೊಟ್ಟ ಬಟ್ಟೆಯನ್ನು ಸಿಟ್ಟಿನಿಂದ ವಾಪಸು ಒಯ್ದಿದ್ದ ಮಲ್ಲಿಗಮ್ಮ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ಎದುರಿಗೆ ಬಂದು ನಿಂತರು.

"ಅವತ್ತು ನಾಕು ಸಲ ಕೂಗ್ದೆ. ನೀನು ತಿರ್ಗಿ ನೋಡ್ಲಿಲ್ಲ. ಜಂಬ ಅನ್ಕೊಂಡೆ ಕಣವ್ವ."

"ಕೇಳ್ಸಿದ್ರೆ ನೋಡ್ತಿದ್ದೆ."

"ಮೊದ್ಲೇ ಯೋಳ್ಬಾರ್ದಾ?"

ಮುಂದಿನ ವಾರ ಮಲ್ಲಿಗಮ್ಮ ಮೊಮ್ಮಗಳ ಲಂಗದ ಬಟ್ಟೆ ತಂದು, ಎದುರಿಗೇ ನಿಂತು ಅಳತೆ ಹೇಳಿದರು. ಬೇಕಾದ್ದಕ್ಕಿಂತ ಜೋರಾಗಿ ಕೂಗಿದರೆಂದು ದೇವಿರಮ್ಮ ಆಮೇಲೆ ನಕ್ಕರು.

ಕುಕ್ಕರಿನ ಸೀಟಿ ಮಾತ್ರ ಕೆಂಚಿಗೆ ಇಂದಿಗೂ ಒಗ್ಗಿಲ್ಲ. ಕೂಗಿದೊಡನೆ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಅನ್ನಕ್ಕಿಟ್ಟಾಗ ಶಾಲಿನಿ ಗಡಿಯಾರ ನೋಡಿಕೊಳ್ಳುತ್ತಾಳೆ.